ಇಪ್ಪತ್ತು ನಿಮಿಷದ ಪಾಲಿಷ್

ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ಒಂದು ಹಿತ್ತಾಳೆ ರೀಲು ಇದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಫಳಫಳ ಹೊಳೆಯುತ್ತದೆ. ನನ್ನ ಹಳೇ ಫ್ಲೈ ರೀಲುಗಳನ್ನು, ಅಂದರೆ ಗರಿ ಸುತ್ತಿದ ಕೊಕ್ಕೆಯಿಂದ ಮೀನು ಹಿಡಿಯುವ ಗಾಳದಲ್ಲಿ ದಾರ ಸುತ್ತಿಡುವ ಗಾಲಿಗಳನ್ನು, ನೋಡಲು ಯಾರಾದರೂ ಬಂದರೆ ಮೊದಲು ಕೈ ಹಾಕುವುದು ಅದಕ್ಕೇ. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ!" ಎನ್ನುತ್ತಾರೆ. ನಾನು ಸುಮ್ನೆ ನಕ್ಕು ಪಕ್ಕದ ರೀಲನ್ನು ಎತ್ತಿ ಕೊಡುತ್ತೇನೆ. ಇರುವ ಇಪ್ಪತ್ತಮೂರರಲ್ಲಿ ನಾನು ಕೈಯಾರೆ ಹಾಳು ಮಾಡಿದ್ದು ಅದೊಂದನ್ನೇ.

ಬಂದ ದಿನ ಅದು ಹೀಗಿರಲಿಲ್ಲ. ಮೈಯೆಲ್ಲ ಕಂದು, ಅಲ್ಲಲ್ಲಿ ಕಪ್ಪು, ಕೈ ತಾಗಿ ಸವೆದ ಅಂಚಿನಲ್ಲಿ ಮಾತ್ರ ಮಂಕು ಹಳದಿ. ಸ್ಕ್ರೂಗಳ ಸುತ್ತ ಹಸಿರು ಕಿಲುಬು. ವಿಕ್ಟೋರಿಯಾ ರಾಣಿಯ ಕಾಲದ ಕೊನೆಕೊನೆಯದು, ಬರ್ಮಿಂಗ್‌ಹ್ಯಾಮ್ ಕಡೆಯ ಮಾಲು. ಆ ಊರಿನ ಹಿತ್ತಾಳೆ ಕೆಲಸದವರು ಇಂಥ ರೀಲುಗಳನ್ನು ರಾಶಿಗಟ್ಟಲೆ ಮಾಡಿ ಬ್ರಿಟನ್ನಿನ ಉದ್ದಗಲದ ಗಾಳದ ಅಂಗಡಿಗಳಿಗೆ ಕಳಿಸುತ್ತಿದ್ದರು. ಅಂಗಡಿಯವನು ಅದರ ಮೇಲೆ ತನ್ನ ಹೆಸರು ಹೊಡೆಸಿಕೊಳ್ಳುತ್ತಿದ್ದ. ಹಾಗಾಗಿ ಆ ಕಾಲದ ಹಿತ್ತಾಳೆ ರೀಲಿನ ಮೇಲೆ ಹೆಸರಿದ್ದರೆ ಅದು ಎಷ್ಟೋ ಸಲ ಮಾರಿದವನದು. ಮಾಡಿದವನ ಹೆಸರು ಯಾರಿಗೂ ಬೇಕಿರಲಿಲ್ಲ. ನನ್ನ ರೀಲಿನ ಮೇಲೆ ಮಾರಿದವನ ಹೆಸರೂ ಇರಲಿಲ್ಲ. ಹೇಳೋರು ಕೇಳೋರು ಇಲ್ಲದ ರೀಲು. ಬಹುಶಃ ಅದಕ್ಕೇ ನನಗೆ ಅಷ್ಟು ಧೈರ್ಯ ಬಂದಿದ್ದು.

ಒಂದು ಭಾನುವಾರ ಮಧ್ಯಾಹ್ನ. ಬೇರೆ ಕೆಲಸ ಇರಲಿಲ್ಲ. ಅನಾಹುತಗಳೆಲ್ಲ ಆಗುವುದು ಇಂಥ ಹೊತ್ತಿನಲ್ಲೇ ಅಲ್ವಾ? ಬ್ರಾಸ್ ಪಾಲಿಷಿನ ಡಬ್ಬಿ, ಹಳೇ ಬನಿಯನ್ನಿನ ತುಂಡು, ಸಂದಿಗಳಿಗೆ ಹಳೇ ಟೂತ್‌ಬ್ರಷ್. ಎರಡು ಸಲ ಉಜ್ಜುವಷ್ಟರಲ್ಲಿ ಬಟ್ಟೆ ಕಪ್ಪಾಯಿತು. ಬಟ್ಟೆ ಕಪ್ಪಾದಷ್ಟೂ ನನಗೆ ಹುರುಪು. ಕಂದು ಪದರದ ಕೆಳಗಿಂದ ಹಳದಿ ಎದ್ದು ಬರುವುದನ್ನು ನೋಡುವುದಿದೆಯಲ್ಲ, ಅದೊಂದು ಚಟ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಕೈ ನಿಲ್ಲುವುದೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಕಿಟಕಿ ಬೆಳಕಿಗೆ ಹಿಡಿದೆ. ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಫೋಟೋ ತೆಗೆದು, ನನ್ನನ್ನು ಈ ಹುಚ್ಚಿಗೆ ಎಳೆದ ಹಿರಿಯರಿಗೆ ಕಳಿಸಿದೆ. ಅವರು ಎಂದೂ ತಕ್ಷಣ ಉತ್ತರಿಸುವವರಲ್ಲ. ಅವತ್ತು ಎರಡೇ ನಿಮಿಷಕ್ಕೆ ಫೋನ್ ಬಂತು.

"ಏನು ಮಾಡಿದ್ರಿ ಇದಕ್ಕೆ?"

"ಪಾಲಿಷ್ ಹಾಕ್ದೆ ಸರ್. ತುಂಬಾ ಕೊಳೆ ಕೂತಿತ್ತು."

"ಕೊಳೆ ಅಂದುಕೊಂಡ್ರಾ ಅದನ್ನ?"

ನಾನು ಮಾತಾಡಲಿಲ್ಲ.

"ಅದು ಬ್ರಾಂಜಿಂಗ್ ಕಣ್ರೀ. ಮಾಡಿದವನೇ ಬಳಿದಿದ್ದು. ಹಿತ್ತಾಳೆ ಬಿಸಿಲಿಗೆ ಮಿಂಚಿದ್ರೆ ಮೀನು ಬೆದರಿ ಓಡುತ್ತೆ ಅಂತ ಬೇಕಂತಲೇ ಕಪ್ಪು ಮಾಡಿ ಮಾರ್ತಿದ್ರು. ನೂರು ವರ್ಷದ ಮೇಲೆ ಆಗಿತ್ತು ಅದು ಹಾಗೇ ಇದ್ದು. ನಿಮಗೆಷ್ಟು ಹೊತ್ತು ಹಿಡೀತು?"

ಹೊಟ್ಟೆ ಚುರ್ ಎಂದಿತು. ಕೊಳೆ ತೆಗೆದು ರೀಲನ್ನು ಅದರ ಮೊದಲಿನ ಸ್ಥಿತಿಗೆ ತಂದೆ ಎಂದು ಬೀಗುತ್ತಿದ್ದೆ. ಆ ಮೊದಲಿನ ಸ್ಥಿತಿ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಆ ರೀಲು ಅಂಗಡಿಯಲ್ಲಿದ್ದಾಗಲೂ ಹೊಳೆದಿರಲಿಲ್ಲ. ಹೊಳೆಯಬಾರದು ಎಂದೇ ಹುಟ್ಟಿದ್ದು ಅದು.

ಆವತ್ತಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಳೇ ಸಾಮಾನು ಕೂಡಿಡುವ ನಾವು ಮಾತೆತ್ತಿದರೆ "ಒರಿಜಿನಲ್" ಎನ್ನುತ್ತೇವೆ. ಯಾವ ದಿನದ ಒರಿಜಿನಲ್ ಅದು?

ಸುಮ್ನೆ ಕೂರುವ ಸಾಮಾನು

ನಿಜ ಹೇಳಬೇಕೆಂದರೆ ಫ್ಲೈ ಗಾಳದಲ್ಲಿ ರೀಲಿನಷ್ಟು ಸೋಮಾರಿ ಸಾಮಾನು ಇನ್ನೊಂದಿಲ್ಲ. ಎಸೆಯುವ ಕೆಲಸ ಕೋಲಿನದು. ಎಸೆಯಲು ಬೇಕಾದ ತೂಕ ದಾರದ್ದು. ಮೀನನ್ನು ಮರುಳು ಮಾಡುವುದು ಕೊಕ್ಕೆಗೆ ಸುತ್ತಿದ ಗರಿ. ಸಣ್ಣ ಟ್ರೌಟ್ ಸಿಕ್ಕರೆ ಎಡಗೈಯಲ್ಲಿ ದಾರ ಎಳೆದುಕೊಂಡರೆ ಆಯಿತು. ರೀಲು ಕೋಲಿನ ಬುಡದಲ್ಲಿ ನೇತಾಡುತ್ತಾ ತಮಾಷೆ ನೋಡುತ್ತಿರುತ್ತದೆ. ಸಾಲ್ಮನ್ ಥರದ ದೊಡ್ಡ ಮೀನು ಕಚ್ಚಿ ಓಟ ಕಿತ್ತಾಗ ಮಾತ್ರ ಅದಕ್ಕೆ ಎಚ್ಚರ. ಅಂಥ ಮೀನು ಎಷ್ಟು ಜನಕ್ಕೆ, ಎಷ್ಟು ಸಲ ಸಿಗುತ್ತದೆ? ಉಳಿದಂತೆ ಅದು ದಾರ ಸುತ್ತಿಡುವ ಉರುಟು ಡಬ್ಬಿ, ಅಷ್ಟೇ. ಹಾಗಿದ್ದೂ ಕೋಲು ಕೂಡಿಡುವವರಿಗಿಂತ ರೀಲು ಕೂಡಿಡುವವರ ಹುಚ್ಚು ಒಂದು ಕೈ ಮೇಲು ಎಂದೇ ನನ್ನ ಲೆಕ್ಕ. ಕೋಲನ್ನು ಜೇಬಿನಲ್ಲಿಟ್ಟುಕೊಂಡು ತಿರುಗಲಾಗುವುದಿಲ್ಲ, ರಾತ್ರಿ ದೀಪದ ಕೆಳಗೆ ಬಿಚ್ಚಿ ಕೂರಲಾಗುವುದಿಲ್ಲ. ಮತ್ತೆ, ಕೋಲು ಸದ್ದು ಮಾಡುವುದಿಲ್ಲ.

ಸದ್ದಿನ ವಿಷಯ ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ರೀಲಿನ ಒಳಗೆ ಒಂದು ಹಲ್ಲಿನ ಚಕ್ರ. ಅದಕ್ಕೆ ತಾಗಿಕೊಂಡು ತ್ರಿಕೋನದ ಒಂದು ಪುಟ್ಟ ನಾಲಿಗೆ. ಆ ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಸ್ಪೂಲ್, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ತಿರುಗಿದಾಗ ನಾಲಿಗೆ ಒಂದೊಂದೇ ಹಲ್ಲನ್ನು ಹಾರಿ ಹಾರಿ ಬೀಳುತ್ತದೆ. ಕಿರ್ರ್ ಎನ್ನುತ್ತದೆ. ಇದನ್ನು ಇಟ್ಟಿದ್ದು ಕಿವಿಗೆ ಹಿತವಾಗಲಿ ಎಂದಲ್ಲ. ಮೀನು ದಾರ ಎಳೆದು ತಟ್ಟನೆ ನಿಂತರೆ ಸ್ಪೂಲ್ ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ದಾರ ಒಳಗೇ ಸಡಿಲಾಗಿ ಗುಬ್ಬಚ್ಚಿ ಗೂಡಾಗಿಬಿಡುತ್ತದೆ. ಅದಾಗದಂತೆ ಸ್ವಲ್ಪ ತಡೆ ಇರಲಿ ಎಂದು ಈ ಏರ್ಪಾಡು. ತಡೆಯ ಜೊತೆ ಸದ್ದು ಬಿಟ್ಟಿಯಾಗಿ ಬಂತು. ಈಗ ನೋಡಿದರೆ ನಮ್ಮಲ್ಲಿ ಅರ್ಧ ಜನ ಅಂಟಿಕೊಂಡಿರುವುದು ಆ ಬಿಟ್ಟಿ ಸಾಮಾನಿಗೇ. ಕಣ್ಣು ಮುಚ್ಚಿ ಕೊಟ್ಟರೂ ಇದು ಯಾವ ಕಂಪನಿಯ ರೀಲು ಎಂದು ಸದ್ದಿನಿಂದಲೇ ಹೇಳುವವರಿದ್ದಾರೆ. ನನಗೆ ಇನ್ನೂ ಆಗುವುದಿಲ್ಲ. ಎರಡು ಮೂರನ್ನು ಗುರುತು ಹಿಡಿಯುತ್ತೇನೆ, ಉಳಿದದ್ದೆಲ್ಲ ಜೀರುಂಡೆ.

ನಾನು ಗುರುತು ಹಿಡಿಯುವ ಒಂದು ಸದ್ದು ಹಾರ್ಡಿ ಕಂಪನಿಯ ಪರ್ಫೆಕ್ಟ್ ರೀಲಿನದು. ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್ಲೆಂಡಿನಲ್ಲಿ ಆನಿಕ್ ಎಂಬ ಊರಿದೆ. ಬರೆಯುವಾಗ ಅದರಲ್ಲಿ ಇನ್ನೆರಡು ಅಕ್ಷರ ಜಾಸ್ತಿ ಇರುತ್ತವೆ, ಯಾಕೋ ಯಾರೂ ಉಚ್ಚರಿಸುವುದಿಲ್ಲ. ಅಲ್ಲಿ ಹಾರ್ಡಿ ಅಣ್ಣತಮ್ಮಂದಿರು 1872ರಲ್ಲಿ ಬಂದೂಕಿನ ಅಂಗಡಿಯಿಂದ ಶುರುಮಾಡಿ ಗಾಳದ ಸಾಮಾನಿಗೆ ಬಂದರು. ಪರ್ಫೆಕ್ಟ್ ಅವರ ಪಟ್ಟಿಗೆ ಬಂದದ್ದು 1891ರಲ್ಲಿ. ಅದರ ಸ್ಪೂಲ್ ಸಣ್ಣ ಉಕ್ಕಿನ ಗುಂಡುಗಳ ಮೇಲೆ ತಿರುಗುತ್ತದೆ, ಥೇಟ್ ಸೈಕಲ್ಲಿನ ಬಾಲ್ ಬೇರಿಂಗ್. ಸೈಕಲ್ಲಿನ ಹುಚ್ಚು ಊರೆಲ್ಲ ಹಬ್ಬುತ್ತಿದ್ದ ಕಾಲ ಅದು. ಇನ್ನೊಂದು ಜಾಣತನ, ಹಿಡಿಯನ್ನು ತಿರುಗುವ ತಟ್ಟೆಯ ಮೇಲೇ ಕೂರಿಸಿದ್ದು. ಹೊರಗೆ ಚಾಚಿಕೊಂಡ ತೋಳು ಇದ್ದರೆ ದಾರ ಅದಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ. ತಟ್ಟೆಯ ಮೇಲೆ ಹಾಗೆ ಸಿಕ್ಕಿಕೊಳ್ಳಲು ಏನೂ ಇಲ್ಲ.

ನನ್ನ ಪರ್ಫೆಕ್ಟ್ 3 3/8 ಇಂಚಿನದು. ಅದನ್ನು ಮೊದಲ ಸಲ ಬಿಚ್ಚಿದ ರಾತ್ರಿ ಚೆನ್ನಾಗಿ ನೆನಪಿದೆ. ಗುಂಡುಗಳು ಉರುಳಿಹೋಗುತ್ತವೆ ಎಂದು ಹಿರಿಯರು ಮೊದಲೇ ಹೇಳಿದ್ದರು. ಬಿಳಿ ಟವೆಲ್ ಹಾಸಿ, ಅಂಚು ಮೇಲೆತ್ತಿ ಮಡಚಿ, ಅದರ ಮೇಲೆ ಬಿಚ್ಚಿದೆ. ಗುಂಡುಗಳು ಉರುಳಲಿಲ್ಲ. ಉರುಳುವ ಸ್ಥಿತಿಯಲ್ಲಿಯೇ ಇರಲಿಲ್ಲ ಅವು. ಹಳೇ ಗ್ರೀಸ್ ಒಣಗಿ ಗೋಂದಾಗಿ, ಎಲ್ಲವನ್ನೂ ಒಂದು ಸರದ ಹಾಗೆ ಕಚ್ಚಿ ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಬಿಡಿಸಿ ಒರೆಸಿದೆ. ಒರೆಸಿದ್ದು ಹೊಳೆಯುತ್ತಿತ್ತು, ಈ ಹೊಳಪಿಗೆ ಯಾರೂ ಬೈಯುವಂತಿರಲಿಲ್ಲ. ಕ್ಲಿಕ್ಕಿನ, ಅಂದರೆ ಆ ಸದ್ದು ಮಾಡುವ ಹಲ್ಲು-ನಾಲಿಗೆಯ ಏರ್ಪಾಡಿನ, ಭಾಗಗಳನ್ನು ಪಟದ ಜೊತೆ ಹೋಲಿಸಿದೆ. ಪರ್ಫೆಕ್ಟಿನ ವಯಸ್ಸು ಹೇಳುವುದು ಅದರ ಕ್ಲಿಕ್. 1896ರದು ಒಂದು ಥರ, 1912ರದು ಒಂದು ಥರ, 1917ರದು ಇನ್ನೊಂದು ಥರ. ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುವ ಎರಡು ರೀಲುಗಳಲ್ಲಿ ಅಣ್ಣ ಯಾರು ತಮ್ಮ ಯಾರು ಎಂದು ಬಿಚ್ಚಿದಾಗಲೇ ಗೊತ್ತಾಗುವುದು. ನನ್ನದು 1917ರ ಥರದ್ದು. ಒಳಗೆ, ಗ್ರೀಸ್ ಒರೆಸಿದ ಜಾಗದಲ್ಲಿ, ಎರಡು ಸಣ್ಣ ಅಕ್ಷರ ಕಂಡವು. ರೀಲನ್ನು ಜೋಡಿಸಿದ ಕೆಲಸಗಾರನ ಇನಿಶಿಯಲ್. ಕೊಂಡವನ ಕಣ್ಣಿಗೆ ಬೀಳಲಿ ಎಂದು ಹಾಕಿದ್ದಲ್ಲ. ರೀಲು ರಿಪೇರಿಗೆ ವಾಪಸು ಬಂದರೆ ಬಿಚ್ಚಿದವನಿಗೆ ಕಾಣಬೇಕು, ಅಷ್ಟೇ. ಹೊರಗೆ ಕಂಪನಿಯ ಹೆಸರು ದೊಡ್ಡದಾಗಿ, ಒಳಗೆ ಇವನದು ಇಷ್ಟೇ ಇಷ್ಟು. ಹತ್ತಿ ಹಿಡಿದ ಕೈ ಸುಮಾರು ಹೊತ್ತು ಅಲ್ಲೇ ನಿಂತಿತ್ತು.

ನನ್ನ ಹಿತ್ತಾಳೆ ರೀಲಿನ ಒಳಗೂ ಹಾಗೆ ಏನಾದರೂ ಇದೆಯಾ ಎಂದು ಬಿಚ್ಚಿ ನೋಡಿದೆ. ಏನೂ ಇರಲಿಲ್ಲ. ಮಾಡಿದವನು ತನ್ನ ಕೆಲಸ ಮಾಡಿದ್ದೇನೆ ಎಂದು ಬಿಟ್ಟಿದ್ದ ಗುರುತು ಆ ಕಂದು ಬಣ್ಣ ಒಂದೇ ಆಗಿತ್ತೇನೋ.

ಪಾದ

ಹಳೇ ರೀಲು ಕೈಗೆ ಬಂದರೆ ನಮ್ಮ ಪೈಕಿ ಯಾರೂ ಮುಖ ನೋಡುವುದಿಲ್ಲ. ಮೊದಲು ತಲೆಕೆಳಗು ಮಾಡಿ ಪಾದ ನೋಡುತ್ತಾರೆ. ಪಾದ ಎಂದರೆ ರೀಲನ್ನು ಕೋಲಿಗೆ ಕೂರಿಸುವ ಉದ್ದನೆಯ ಪಟ್ಟಿ. ಅದರ ಎರಡು ತುದಿಗಳನ್ನು ಕೋಲಿನ ಬುಡದಲ್ಲಿರುವ ಬಳೆಗಳ ಕೆಳಗೆ ತೂರಿಸಬೇಕು. ತೊಂದರೆ ಏನೆಂದರೆ ಆ ಕಾಲದಲ್ಲಿ ಕೋಲು ಮಾಡುವವರದ್ದು ಒಬ್ಬೊಬ್ಬರದು ಒಂದೊಂದು ಅಳತೆ. ಇವನ ರೀಲು ಅವನ ಕೋಲಿಗೆ ಕೂರುತ್ತಿರಲಿಲ್ಲ. ಆಗ ಮೀನು ಹಿಡಿಯುವವನು ಏನು ಮಾಡುತ್ತಿದ್ದ? ಅರ ತೆಗೆದುಕೊಂಡು ಪಾದದ ತುದಿ ಉಜ್ಜುತ್ತಿದ್ದ. ಎರಡು ನಿಮಿಷದ ಕೆಲಸ. ರೀಲು ಕೂತಿತು, ಅವನು ಹೊಳೆಗೆ ಹೋದ. ನಾವು ಇವತ್ತು ಅದೇ ರೀಲನ್ನು ತಿರುಗಿಸಿ ನೋಡಿ "ಛೆ, ಪಾದಕ್ಕೆ ಅರ ಬಿದ್ದಿದೆ" ಎಂದು ಬದಿಗಿಡುತ್ತೇವೆ. ಉಳಿದೆಲ್ಲ ಸರಿಯಿದ್ದರೂ ಬೆಲೆ ಬಿದ್ದುಹೋಗುತ್ತದೆ. ಅಗಲ ಬಾಯಿಯ ಸ್ಕ್ರೂಡ್ರೈವರ್ ಹಾಕಿ ಹರಿದ ಸ್ಕ್ರೂ ತಲೆ, ಬದಲಾಯಿಸಿದ ಹಿಡಿ, ದಾರ ಹೊರಗೆ ಹೋಗುವ ಕಡೆ ಇರುವ ಅಗೇಟ್ ಕಲ್ಲಿನ ಬಳೆ ಸೀಳಿದ್ದು, ಇವೆಲ್ಲವೂ ದೋಷಗಳೇ. ಆದರೆ ಪಾದಕ್ಕೆ ಬಿದ್ದ ಅರದಷ್ಟು ಸಿಟ್ಟು ಬರಿಸುವುದು ಯಾವುದೂ ಇಲ್ಲ. ಸ್ಕ್ರೂ ಹುಡುಕಿ ಹಾಕಬಹುದು. ಉದುರಿದ ಲೋಹದ ಪುಡಿ ವಾಪಸು ಬರುವುದಿಲ್ಲ.

ಸುಳ್ಳು ಯಾಕೆ ಹೇಳಲಿ, ನಾನೂ ಪಾದವನ್ನೇ ಮೊದಲು ನೋಡುತ್ತೇನೆ. ಆದರೂ ಗೊತ್ತಿದ್ದೇ ಒಂದು ಅರ ಬಿದ್ದ ರೀಲನ್ನು ಕೊಂಡಿದ್ದೇನೆ. ಹಾರ್ಡಿಯವರದೇ ಸೇಂಟ್ ಜಾರ್ಜ್, 1911ರಲ್ಲಿ ಶುರುವಾದ ಮಾದರಿ. ಪಾದ ಸರಿಯಿದ್ದಿದ್ದರೆ ಅದು ನನ್ನ ಕೈಗೆ ಎಟುಕುತ್ತಿರಲಿಲ್ಲ, ಅದೇ ಕಾರಣ, ಬೇರೆ ದೊಡ್ಡ ಮನಸ್ಸೇನೂ ಇಲ್ಲ. ಮನೆಗೆ ತಂದು ಭೂತಗನ್ನಡಿ ಇಟ್ಟು ಆ ದೋಷವನ್ನೇ ನೋಡುತ್ತಾ ಕೂತೆ. ಅರ ಬಿದ್ದಿರುವುದು ಒಂದೇ ತುದಿಗೆ. ಗೆರೆಗಳೆಲ್ಲ ಓರೆಯಾಗಿ, ಒಂದೇ ದಿಕ್ಕಿಗೆ. ಹೊರತುದಿ ತೆಳ್ಳಗೆ, ಒಳಗೆ ಬಂದಂತೆ ದಪ್ಪ. ಒಂದು ಜಾಗದಲ್ಲಿ ಗೆರೆಗಳು ಥಟ್ಟನೆ ನಿಂತಿವೆ. ಅಲ್ಲಿಗೆ ಕೂತಿತು ಎಂದು ಅರ್ಥ. ಅಂದರೆ ಆತ ಉಜ್ಜಿ, ಕೋಲಿಗೆ ಹಾಕಿ ನೋಡಿ, ಇನ್ನಷ್ಟು ಉಜ್ಜಿ, ಮತ್ತೆ ಹಾಕಿ ನೋಡಿದ್ದಾನೆ. ಬೇಕಾದ್ದಕ್ಕಿಂತ ಒಂದು ಗೆರೆಯೂ ಹೆಚ್ಚಿಲ್ಲ. ಆಮೇಲೆ ಬೆರಳಿಗೆ ಚುಚ್ಚದಿರಲಿ ಎಂದು ಅಂಚನ್ನು ನಯ ಮಾಡಿದ್ದಾನೆ. ಇದು ಹಾಳುಗೆಡವುವವನ ಕೆಲಸದ ಹಾಗೆ ಕಾಣಲಿಲ್ಲ. ನನ್ನ ಇಪ್ಪತ್ತು ನಿಮಿಷದ ಪಾಲಿಷಿನಲ್ಲಿ ಇದರ ಕಾಲು ಭಾಗದಷ್ಟು ಜಾಗ್ರತೆಯೂ ಇರಲಿಲ್ಲ.

ಇಲ್ಲಿ ನನಗೆ ಒಂದು ಗಂಟು ಬಿಡಿಸಲಾಗುವುದಿಲ್ಲ. ಅವನು ಲೋಹ ತೆಗೆದ. ನಾನು ಬಣ್ಣ ತೆಗೆದೆ. ಎರಡೂ ವಾಪಸು ಬರುವುದಿಲ್ಲ. ಆದರೆ ಅವನದ್ದು ನೋಡಿದರೆ ನನಗೆ ಪ್ರೀತಿ ಬರುತ್ತದೆ, ನನ್ನದು ನೋಡಿದರೆ ನಾಚಿಕೆ. ಅವನು ಬಳಸಲು ತೆಗೆದ, ನಾನು ನೋಡಲು ತೆಗೆದೆ ಎಂದು ಬೇಕಾದರೆ ಸಮಾಧಾನ ಹೇಳಿಕೊಳ್ಳಬಹುದು. ಅಷ್ಟು ಸುಲಭಕ್ಕೆ ಒಪ್ಪಲು ಮನಸ್ಸಿಲ್ಲ. ನೋಡುವುದೂ ಒಂದು ಬಳಕೆಯೇ ಅಲ್ವಾ? ನೋಡಲೆಂದೇ ತಾನೇ ಇಪ್ಪತ್ತಮೂರು ಇಟ್ಟುಕೊಂಡಿರುವುದು?

ಬಳಸುವವರ ಕೈ ಬೀಳದ ರೀಲು ಕಡಿಮೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಅಮೆರಿಕದ ಫ್ಲೂಗರ್ ಮೆಡಲಿಸ್ಟ್. ಒಹಾಯೊದ ಆಕ್ರನ್ನಿನಲ್ಲಿ ದಶಕಗಟ್ಟಲೆ ತಯಾರಾಯಿತು. ಆಡಂಬರವಿಲ್ಲದ ಗಟ್ಟಿ ರೀಲು. ಅದನ್ನು ಇಟ್ಟುಕೊಂಡವರು ಪೂಜೆ ಮಾಡಲಿಲ್ಲ. ಓಡುವ ಮೀನನ್ನು ಅಂಗೈಯಿಂದ ಒತ್ತಿ ತಡೆಯಲು ಅನುಕೂಲ ಆಗಲಿ ಎಂದು ಕೆಲವರು ಚೌಕಟ್ಟಿನ ಅಂಚನ್ನೇ ಗರಗಸದಿಂದ ಕೊಯ್ದರು. ನನ್ನ ಹತ್ತಿರ ಅಂಥದೊಂದಿದೆ. ಕೊಯ್ದದ್ದು ಸೊಟ್ಟಗಿದೆ. ಪಾಪ, ಕೈ ನಡುಗಿರಬೇಕು.

ಮುಟ್ಟದೆ ಇಟ್ಟರೂ

ಹಾಗಾದರೆ ಮುಟ್ಟದೆ ಇಟ್ಟರೆ ಆಯಿತಲ್ಲ ಎನ್ನಬಹುದು. ನಾನೂ ಪಾಲಿಷಿನ ಪ್ರಸಂಗದ ನಂತರ ಸ್ವಲ್ಪ ದಿನ ಹಾಗೇ ಅಂದುಕೊಂಡಿದ್ದೆ. ಬಂದ ರೀಲನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದೆ. ಆಮೇಲೆ ಒಂದು ಮನೆಯಲ್ಲಿ ಎಡ್ವರ್ಡ್ ವಾಮ್ ಹೋಫ್ ರೀಲೊಂದನ್ನು ನೋಡಿದೆ. ನ್ಯೂಯಾರ್ಕಿನ ಈ ಹೆಸರು ಕೇಳಿದರೆ ನಮ್ಮವರ ದನಿಯೇ ಬದಲಾಗುತ್ತದೆ. ಎರಡು ಬದಿಗೆ ಕಪ್ಪು ಗಟ್ಟಿ ರಬ್ಬರಿನ ತಟ್ಟೆ, ಸುತ್ತ ಜರ್ಮನ್ ಸಿಲ್ವರಿನ ಕಟ್ಟು, ಮೇಲೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿದ ಹಿಡಿ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು, ಅಷ್ಟೇ. ಆದರೂ ಬೆಳ್ಳಿಗಿಂತ ಮೆತ್ತನೆಯ ಒಂದು ಬೆಳಕು ಅದರದ್ದು. ಮನೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ವರ್ಷಗಳಿಂದ ಯಾರಿಗೂ ಮುಟ್ಟಲು ಕೊಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಮಾತ್ರ ಕೈಯಲ್ಲಿ ಹಿಡಿಯಲು ಬಿಟ್ಟರು. ತಿರುಗಿಸಿದೆ. ಗೋಡೆಯ ಕಡೆಗಿದ್ದ ತಟ್ಟೆ ಕಾಡಿಗೆಯಷ್ಟು ಕಪ್ಪು. ಕಿಟಕಿಯ ಕಡೆಗಿದ್ದ ತಟ್ಟೆ ಹಸಿರು ಬೆರೆತ ಕಂದು, ಒಣಗಿದ ಎಲೆಯ ಹಾಗೆ. ಗಟ್ಟಿ ರಬ್ಬರಿಗೆ ಬೆಳಕು ಆಗುವುದಿಲ್ಲ. ಮೇಲ್ಮೈ ನಿಧಾನಕ್ಕೆ ಕೆಟ್ಟು ಬಣ್ಣ ಬಿಡುತ್ತದೆ. ಅವರು ಅದನ್ನು ಗಮನಿಸಿಯೇ ಇರಲಿಲ್ಲ. ದಿನವೂ ಒಂದೇ ಕಡೆಯಿಂದ ನೋಡುತ್ತಿದ್ದರಲ್ಲ. ನಾನು ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ "ಬಿಸಿಲು ಬೀಳದ ಕಡೆ ಇಟ್ರೆ ಒಳ್ಳೇದು" ಎಂದಷ್ಟೇ ಹೇಳಿ ಬಂದೆ.

ದಾರವೂ ಹಾಗೇ. ನೈಲಾನ್ ಬರುವ ಮೊದಲು ಫ್ಲೈ ಗಾಳದ ಒಳ್ಳೆಯ ದಾರ ಎಂದರೆ ಎಣ್ಣೆ ಕುಡಿಸಿದ ರೇಷ್ಮೆ. ಸಂಜೆ ಹೊಳೆಯಿಂದ ಬಂದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಒಣಗಿಸಬೇಕು. ಒದ್ದೆಯಾಗಿ ಸುತ್ತಿಟ್ಟರೆ ಕೊಳೆಯುತ್ತದೆ. ಅಮೆರಿಕದ ವರ್ಮಾಂಟಿನಲ್ಲಿ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲಿನ ಮೈತುಂಬ ತೂತುಗಳಿರುವುದಕ್ಕೆ ಇದೂ ಒಂದು ಕಾರಣ. ತೂತಿನಿಂದ ತೂಕ ಇಳಿಯಿತು, ಗಾಳಿಯೂ ಆಡಿತು. ಈಗಿನ ಫ್ಲೈ ರೀಲುಗಳೆಲ್ಲ ಹೆಚ್ಚುಕಡಿಮೆ ಅದರ ಮೊಮ್ಮಕ್ಕಳೇ. ದಾರ ಪ್ಲಾಸ್ಟಿಕ್ಕಿನದಾಗಿ, ಒಣಗಿಸುವ ತಾಪತ್ರಯ ಹೋಗಿ ಎಷ್ಟೋ ಕಾಲವಾಯಿತು. ತೂತು ಮಾತ್ರ ಹಾಗೇ ಉಳಿದಿದೆ. ನನ್ನ ಹಿತ್ತಾಳೆ ರೀಲಿಗೆ ತೂತು ಇರಲಿಲ್ಲ. ಅದರಲ್ಲಿ ಯಾರೋ ಸುತ್ತಿಟ್ಟ ದಾರ ಹಾಗೇ ಇತ್ತು, ಅಂಟಂಟಾಗಿ, ಎಳೆದರೆ ಬೆರಳಿಗೆ ಹಳದಿ ಹತ್ತುತ್ತಿತ್ತು. ಅದನ್ನೂ ಅವತ್ತೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೆ. ಮಾಡಿದ್ದುಣ್ಣೋ ಮಹರಾಯ.

ಪಾಲಿಷ್ ಹಾಕಿ ಒಂದು ತಿಂಗಳಾದ ಮೇಲೆ ನನಗೊಂದು ಉಪಾಯ ಹೊಳೆದಿತ್ತು. ಹಿತ್ತಾಳೆಯನ್ನು ಕಂದು ಮಾಡುವ ದ್ರಾವಣ ಸಿಗುತ್ತದೆ. ಬಳಿದರೆ ಅರ್ಧ ಗಂಟೆಯಲ್ಲಿ ನೂರು ವರ್ಷ ಹಳತಾಗುತ್ತದೆ. ಹಿರಿಯರಿಗೆ ಫೋನ್ ಮಾಡಿದೆ.

"ಬಳೀಬಹುದಾ ಸರ್?"

"ಬಳೀರಿ, ಯಾರು ಬೇಡ ಅಂದ್ರು. ಆದ್ರೆ ಆಗ ಅದು ಸುಳ್ಳು ಹೇಳುತ್ತೆ. ಈಗ ನಿಜ ಹೇಳ್ತಿದೆ."

"ಏನಂತ?"

"ಒಬ್ಬ ಪೆದ್ದನ ಕೈಗೆ ಸಿಕ್ಕಿದ್ದೆ ಅಂತ."

ಅವರು ನಗಲಿಲ್ಲ. ಒಂದು ಕ್ಷಣ ಬಿಟ್ಟು ಇನ್ನೊಂದು ಮಾತು ಹೇಳಿದರು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಹಾರ್ಡಿಯವರು ಕೆಲವು ರೀಲುಗಳಿಗೆ ಎಂದಿನ ಸೀಸದ ಬಣ್ಣ ಕೊಡದೆ ಬರೀ ಲೋಹವನ್ನೇ ಹೊಳಪು ಮಾಡಿ ಮಾರಿದ್ದರು. ನಮ್ಮವರು ಅದನ್ನು ಸ್ಪಿಟ್‌ಫೈರ್ ಎನ್ನುತ್ತಾರೆ, ಆ ಕಾಲದ ಯುದ್ಧವಿಮಾನದ ಹೆಸರು. ಹಾಗಾಗಿ ಹೊಳೆಯುವ ಹಾರ್ಡಿ ಕಂಡರೆ ಎದೆ ಡವಗುಟ್ಟುತ್ತದೆ, ಜೊತೆಗೇ ಅನುಮಾನ. ಇದು ಕಾರ್ಖಾನೆಯ ಹೊಳಪೋ, ನಿಮ್ಮಂಥವರು ಉಜ್ಜಿದ ಹೊಳಪೋ? "ನಿಮ್ಮಂಥವರು" ಎಂಬ ಪದವನ್ನು ಅವರು ಸ್ವಲ್ಪ ಒತ್ತಿಯೇ ಹೇಳಿದರು ಅನಿಸುತ್ತದೆ. ದ್ರಾವಣ ತರಿಸಲಿಲ್ಲ.

ಅರ ಹಿಡಿದ ರಾತ್ರಿ

ಇಷ್ಟೆಲ್ಲ ಆದ ಮೇಲೂ ನಾನು ಒಂದು ರಾತ್ರಿ ಕೈಯಲ್ಲಿ ಅರ ಹಿಡಿದು ಕೂತಿದ್ದೆ ಎಂದರೆ ನೀವು ನಂಬಬೇಕು. ಸೀಳು ಬಿದಿರಿನ ಹಳೇ ಕೋಲೊಂದು ಬಂದಿತ್ತು. ಜೇನು ಬಣ್ಣ, ಗಂಟುಗಳ ಹತ್ತಿರ ಸ್ವಲ್ಪ ಕಪ್ಪು. ಇಂಥ ಕೋಲು ತೂಕದ್ದು, ಈಗಿನ ಹಗುರ ರೀಲು ಹಾಕಿದರೆ ಮೂತಿ ಕೆಳಗೆ ಬೀಳುತ್ತದೆ. ಅದಕ್ಕೆ ಆ ಕಾಲದ ರೀಲೇ ಸರಿ. ಮರುದಿನ ಬೆಳಿಗ್ಗೆ ಹೊಳೆಗೆ ಹೋಗುವುದಿತ್ತು. ಪರ್ಫೆಕ್ಟ್ ತೆಗೆದು ಕೋಲಿನ ಬುಡಕ್ಕೆ ಕೂರಿಸಲು ನೋಡಿದೆ. ಒಂದು ತುದಿ ತೂರಿತು. ಇನ್ನೊಂದು ತುದಿ ಬಳೆಯ ಬಾಯಿಗೇ ನಿಂತುಬಿಟ್ಟಿತು. ತಿರುಗಿಸಿ ಹಾಕಿದೆ, ಅದೇ ಕಥೆ. ಒಂದು ಕೂದಲಿನಷ್ಟು ದಪ್ಪ ಹೆಚ್ಚು, ಅಷ್ಟೇ. ಬೆರಳಿನಿಂದ ಒತ್ತಿದರೆ ಇನ್ನೇನು ಹೋಗುತ್ತದೆ ಅನಿಸುತ್ತದೆ, ಹೋಗುವುದಿಲ್ಲ. ನನ್ನ ಸಾಮಾನಿನ ಡಬ್ಬಿಯಲ್ಲಿ ಒಂದು ಚಪ್ಪಟೆ ಅರ ಇದೆ. ಅದು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅರದ ತುದಿಯನ್ನು ಪಾದದ ಮೇಲಿಟ್ಟೆ. ಉಜ್ಜಲಿಲ್ಲ. ಇಟ್ಟೆ, ಅಷ್ಟೇ. ಎಷ್ಟು ಓರೆ ಹಿಡಿಯಬೇಕು, ಎಲ್ಲಿಂದ ಶುರುಮಾಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಆ ಓರೆ ನನಗೆ ಮೊದಲೇ ಗೊತ್ತಿತ್ತು. ಭೂತಗನ್ನಡಿಯಲ್ಲಿ ಎಷ್ಟು ಸಲ ನೋಡಿದ್ದೆ ಅದನ್ನು.

ಅರ ಕೆಳಗಿಟ್ಟು ಸೇಂಟ್ ಜಾರ್ಜ್ ತೆಗೆದೆ. ಅರ ಬಿದ್ದ ತುದಿಯನ್ನು ಬಳೆಗೆ ತೋರಿಸಿದೆ. ಒಂದು ಸಣ್ಣ ಟಕ್ ಸದ್ದು ಮಾಡಿ ಒಳಗೆ ಹೋಗಿ ಕೂತಿತು. ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಇದೇ ಕೋಲಿಗೆ ಎಂದೇ ಆತ ಉಜ್ಜಿದ್ದ ಎಂದು ಹೇಳುವಷ್ಟು ಹುಚ್ಚು ನನಗಿಲ್ಲ. ಅಂಥ ಕೋಲುಗಳು ಸಾವಿರಾರು ಇದ್ದವು. ಆದರೆ ಯಾವುದೋ ಇಂಥದೇ ಬಳೆ ಅವನಿಗೂ ಹೀಗೇ ಸತಾಯಿಸಿತ್ತು. ನನಗೆ ಉಜ್ಜುವ ಕೆಲಸ ಉಳಿಯಿತು.

ಬೆಳಿಗ್ಗೆ ಹೊಳೆಯಲ್ಲಿ ಮೂರು ಟ್ರೌಟ್ ಸಿಕ್ಕವು, ಮೂರೂ ಚಿಕ್ಕವು. ಎಡಗೈಯಲ್ಲೇ ದಾರ ಎಳೆದುಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ರೀಲಿಗೆ ಕೆಲಸವೇ ಬರಲಿಲ್ಲ. ಹನ್ನೊಂದರ ಸುಮಾರಿಗೆ ಕಲ್ಲಿನ ಹಿಂದಿನ ಮಡುವಿನಲ್ಲಿ ಒಂದು ಕಚ್ಚಿತು. ಎಳೆದುಕೊಳ್ಳಲು ಹೋದರೆ ಬೆರಳ ಸಂದಿಯಿಂದ ದಾರ ಜಾರಿತು. ಸಡಿಲ ಇದ್ದದ್ದೆಲ್ಲ ಖಾಲಿಯಾಗಿ ರೀಲಿಗೆ ಬಂತು. ಕಿರ್ರ್ ಎಂದಿತು. ಡ್ರಾಯರಿನ ಪಕ್ಕ ಕೂತು ಬೆರಳಲ್ಲಿ ತಿರುಗಿಸಿದಾಗ ಬರುವ ಸದ್ದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅದು ಏರುತ್ತಿತ್ತು, ತಗ್ಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಿರುಚುತ್ತಿತ್ತು. ಮೀನು ನೀರಿನಡಿ ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತಿತ್ತು. ಅರ್ಧ ನಿಮಿಷ ಇರಬಹುದು. ಆಮೇಲೆ ದಾರ ಸಡಿಲಾಯಿತು. ಹೋಯಿತು. ನಾನು ಮಂಡಿಯುದ್ದ ನೀರಿನಲ್ಲಿ ನಿಂತು ನಗುತ್ತಿದ್ದೆ.

ಮನೆಗೆ ಬಂದು ಸ್ಪೂಲ್ ಬಿಚ್ಚಿ ಪೇಪರಿನ ಮೇಲೆ ಒಣಗಲು ಇಟ್ಟೆ. ಪಾದದ ಅಂಚಿನಲ್ಲಿ ಎರಡು ಹೊಸ ಗೀರು. ಬಳೆ ಉಜ್ಜಿದ್ದು. ಒರೆಸುವಾಗ ಡ್ರಾಯರಿನಲ್ಲಿದ್ದ ಹಿತ್ತಾಳೆ ರೀಲೂ ಕಣ್ಣಿಗೆ ಬಿತ್ತು. ಎತ್ತಿ ನೋಡಿದೆ. ಹೊಳಪಿನ ನಡುವೆ ಒಂದು ಕಡೆ ಕಂದು ಮಚ್ಚೆ. ದೀಪಕ್ಕೆ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಸುತ್ತುಗೆರೆ. ನನ್ನದೇ ಹೆಬ್ಬೆರಳು. ಬಂದವರಿಗೆ ತೋರಿಸುವಾಗೆಲ್ಲ ಅಲ್ಲೇ ಹಿಡಿದಿದ್ದೆನೇನೋ.

ಹೋದ ವಾರ ಒಬ್ಬರು ಬಂದಿದ್ದರು. ಎಂದಿನಂತೆ ಅದನ್ನೇ ಮೊದಲು ಎತ್ತಿಕೊಂಡರು. "ಎಷ್ಟು ಚೆನ್ನಾಗಿದೆ! ಇಲ್ಲೊಂದು ಕಡೆ ಸ್ವಲ್ಪ ಮಾಸಿದೆ ನೋಡಿ," ಎಂದು ಜೇಬಿನಿಂದ ಕರವಸ್ತ್ರ ತೆಗೆದರು. ನಾನು ಅಷ್ಟು ಬೇಗ ಕೈ ಚಾಚಿದ್ದು ನೋಡಿ ಅವರಿಗೆ ಗಾಬರಿಯಾಯಿತು.